ಪದಚರ್ಚೆ: ಪೋಲ್‌ಸ್ಪಿಯರ್‌ಗೆ ‘ಕುಣಿಕೆ ಈಟಿ’ ಎನ್ನಬಹುದೇ?

ಮಾನ್ಯರೇ,

ಉಸಿರು ಬಿಗಿಹಿಡಿದು ಮುಳುಗಿ ಮೀನು ಹೊಡೆಯುವವರು ಬಳಸುವ ಪೋಲ್‌ಸ್ಪಿಯರ್ ಎಂಬ ಸಾಧನವನ್ನು ಆರಿಸಿಕೊಳ್ಳುವ ಮತ್ತು ತಮ್ಮ ಕೈಗೆ ಹೊಂದುವಂತೆ ಮಾರ್ಪಡಿಸಿಕೊಳ್ಳುವ ಬಗೆಯನ್ನು ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರ ಪದಗಳ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ.

ಸಾಧನದ ರಚನೆ ಸರಳವಾದದ್ದು. ಸುಮಾರು 2 ಮೀಟರ್ ಉದ್ದದ ದಂಡ, ಮುಂದಿನ ತುದಿಗೆ ಮೊನೆ, ಹಿಂದಿನ ತುದಿಗೆ ರಬ್ಬರ್ ಕೊಳವೆಯ ಕುಣಿಕೆ. ಕುಣಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಗೆ ಸಿಕ್ಕಿಸಿಕೊಂಡು, ಅದೇ ಕೈಯನ್ನು ದಂಡದ ಮೇಲೆ ಮುಂದಕ್ಕೆ ಒಯ್ದು, ರಬ್ಬರ್ ಬಿಗಿದು ನಿಂತ ಕಡೆ ದಂಡವನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಡಿತ ಸಡಿಲಿಸಿದೊಡನೆ ದಂಡವು ಅಂಗೈಯೊಳಗಿಂದ ಜಾರಿ ಮುಂದಕ್ಕೆ ಚಿಮ್ಮುತ್ತದೆ. ಕುಣಿಕೆ ಮಾತ್ರ ಕೈಯಲ್ಲೇ ಉಳಿಯುತ್ತದೆ. ಇದೇ ಕೆಲಸಕ್ಕೆ ಬಳಸುವ ಬೇರೆ ಎರಡು ಸಾಧನಗಳಿವೆ. ಹವಾಯಿಯನ್ ಸ್ಲಿಂಗ್‌ನಲ್ಲಾದರೆ ಈಟಿಯು ಒಂದು ಗಿಡ್ಡ ಹಿಡಿಯ ರಂಧ್ರದ ಮೂಲಕ ಬಾಣದಂತೆ ಹಾರಿ ಕೈಬಿಟ್ಟೇ ಹೋಗುತ್ತದೆ. ಸ್ಪಿಯರ್‌ಗನ್‌ಗೆ ಬಂದೂಕಿನಂತೆ ಕುದುರೆ ಇರುತ್ತದೆ.

ಈಟಿ, ಭರ್ಜಿ, ಭಲ್ಲೆ ಎಂಬ ನಮ್ಮ ಪದಗಳಲ್ಲಿ ಯಾವುದೂ ಈ ಮೂರನ್ನು ಬಿಡಿಸಿ ಹೇಳುವುದಿಲ್ಲ, ಆದರೆ ಬಿಡಿಸಿ ಹೇಳದೆ ವಿಧಿಯಿಲ್ಲ. ಬಹಾಮಾಸ್‌ನಲ್ಲಿ ಸ್ಪಿಯರ್‌ಗನ್‌ಗೆ ನಿಷೇಧವಿದ್ದು, ಪೋಲ್‌ಸ್ಪಿಯರ್‌ಗೂ ಹವಾಯಿಯನ್ ಸ್ಲಿಂಗ್‌ಗೂ ಅವಕಾಶವಿದೆ. ಮೂರಕ್ಕೂ ‘ಮೀನೀಟಿ’ ಎಂದು ಬರೆದರೆ ಆ ನಿಯಮವನ್ನು ಕನ್ನಡದಲ್ಲಿ ಹೇಳುವುದೇ ಸಾಧ್ಯವಾಗದು.

ಆದ್ದರಿಂದ ಆಕಾರವನ್ನು ಬಿಟ್ಟು, ಆಯುಧವು ಕೈಯಿಂದ ಹೇಗೆ ಬಿಡುಗಡೆಯಾಗುತ್ತದೆ ಎಂಬುದನ್ನೇ ಹೆಸರಿಗೆ ಆಧಾರ ಮಾಡಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ. ಇದು ಹೊಸ ಆಲೋಚನೆಯೇನಲ್ಲ. ಅಗ್ನಿಪುರಾಣದ ಧನುರ್ವೇದ ಭಾಗವು ಆಯುಧಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ ಎಂದು ವಿಂಗಡಿಸುತ್ತದೆ; ಬಿಟ್ಟೂ ಹಿಡಿದಿಟ್ಟುಕೊಳ್ಳುವ ಮುಕ್ತಸಂಧಾರಿತ ವರ್ಗಕ್ಕೆ ಅದು ಕೊಡುವ ಉದಾಹರಣೆ ಪ್ರಾಸ, ಅಂದರೆ ಈಟಿಯೇ. ಪೋಲ್‌ಸ್ಪಿಯರ್‌ನ ಲಕ್ಷಣಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಂಡಿಲ್ಲವಾದರೂ, ಒದ್ದೆ ಕೈಯಲ್ಲಿ ದೋಣಿಯ ಮೇಲೆ ಕುಳಿತವನು ‘ಮುಕ್ತಸಂಧಾರಿತವನ್ನು ಇತ್ತ ಕೊಡಿ’ ಎಂದು ಕೇಳಲಾರ. ಹಾಗಾಗಿ ಕುಣಿಕೆ ಈಟಿ, ಕವಣೆ ಈಟಿ, ಈಟಿ ಬಂದೂಕು ಎಂದು ಮೂರು ಹೆಸರುಗಳನ್ನು ಸೂಚಿಸುತ್ತಿದ್ದೇನೆ. ‘ಕುಣಿಕೆ’ ಎಂದೊಡನೆ ನೇಣು ನೆನಪಾಗುತ್ತದೆಂಬ ಆಕ್ಷೇಪ ಬರಬಹುದು. ದನದ ಹಗ್ಗಕ್ಕೂ ಬಾವಿಯ ಹಗ್ಗಕ್ಕೂ ಕುಣಿಕೆಯಿರುವ ಭಾಷೆಯಲ್ಲಿ ಅದನ್ನು ಅಷ್ಟು ಗಂಭೀರವಾಗಿ ಪರಿಗಣಿಸಬೇಕಿಲ್ಲ.

ಮೊನೆಗಳ ಹೆಸರು ಇನ್ನೂ ಸೂಕ್ಷ್ಮವಾದದ್ದು. ಬಂಡೆಗಳ ನಡುವಿನ ಸಣ್ಣ ಮೀನಿಗೆ ಮೂರು ಕವಲಿನ ಮೊನೆಯನ್ನು ಆರಿಸುತ್ತಾರೆ: ಗುರಿ ಸ್ವಲ್ಪ ತಪ್ಪಿದರೂ ಒಂದಾದರೂ ಕವಲು ತಾಗುತ್ತದೆ, ಆದರೆ ಹೊಡೆತದ ಬಲ ಹಂಚಿಹೋಗುವುದರಿಂದ ದಪ್ಪ ಮೀನಿನೊಳಕ್ಕೆ ಆಳವಾಗಿ ಇಳಿಯುವುದಿಲ್ಲ. ಇದಕ್ಕೆ ‘ಮುಮ್ಮೊನೆ’ ಎನ್ನೋಣವೆಂದರೆ, ಹವಾಯಿಯಲ್ಲಿ ‘ತ್ರೀ ಪ್ರಾಂಗ್’ ಎಂದು ಇಡೀ ಸಾಧನವನ್ನೇ ಕರೆಯುವ ರೂಢಿಯಿದೆ; ಅಲ್ಲಿನ ಬರಹವನ್ನು ಅನುವಾದಿಸುವವರು ಎಚ್ಚರವಹಿಸಬೇಕು. ದೊಡ್ಡ ಮೀನಿಗೆ ಬಳಸುವ ‘ಸ್ಲಿಪ್ ಟಿಪ್’ ಮೀನಿನೊಳಗೆ ಹೊಕ್ಕ ಮೇಲೆ ದಂಡದಿಂದ ಕಳಚಿಕೊಂಡು, ಆಚೆ ಬದಿಯಲ್ಲಿ ಅಡ್ಡಲಾಗಿ ತಿರುಗಿ, ಒಂದು ತಂತಿಯಿಂದಲೋ ಗಟ್ಟಿ ದಾರದಿಂದಲೋ ದಂಡಕ್ಕೆ ಕಟ್ಟಿಕೊಂಡೇ ಇರುತ್ತದೆ. ‘ಕಳಚುಮೊನೆ’ ಎಂದರೆ ಅರ್ಧ ಕೆಲಸವಷ್ಟೇ ಹೇಳಿದಂತಾಯಿತು. ‘ಅಡ್ಡಮೊನೆ’ ಎಂದರೆ ಉಳಿದರ್ಧ. ನನ್ನ ಒಲವು ಮೊದಲನೆಯದರ ಕಡೆಗಿದೆ. ಒಂಟಿ ಮೊನೆಯ ಪಕ್ಕದಲ್ಲಿ ಮಡಚಿಕೊಂಡು ಒಳಹೊಕ್ಕು ಆಮೇಲೆ ಬಿಚ್ಚಿಕೊಳ್ಳುವ ‘ಫ್ಲಾಪರ್’ಗೆ, ಗಾಳದ ಮುಳ್ಳಿನ ಮಾದರಿಯಲ್ಲಿ, ‘ಮಡಚುಮುಳ್ಳು’ ಸಾಕು.

ದಂಡದ ಗುಣವನ್ನು ಹೇಳುವಾಗ ‘ಗಡಸು’ ಎಂಬ ಪದ ದಾರಿ ತಪ್ಪಿಸುತ್ತದೆ. ಫೈಬರ್‌ಗ್ಲಾಸ್ ದಂಡವೂ ಮುಟ್ಟಿದರೆ ಗಡಸೇ, ಆದರೂ ಬಿಟ್ಟ ಕ್ಷಣದಲ್ಲಿ ಬಳುಕಿ ಬಲವನ್ನು ಪೋಲುಮಾಡುತ್ತದೆ; ಕಾರ್ಬನ್ ಫೈಬರ್‌ನದು ಬೆಲೆ ಹೆಚ್ಚಾದರೂ ಅಷ್ಟು ಬಳುಕುವುದಿಲ್ಲ. ಇಲ್ಲಿ ಬೇಕಾಗಿರುವುದು ‘ಸೆಟೆತ’ ಮತ್ತು ‘ಬಳುಕು’ ಎಂಬ ಜೋಡಿಯೆಂದು ಭಾವಿಸಿದ್ದೇನೆ.

ಮಾರ್ಪಾಡುಗಳಲ್ಲಿ ಹೆಚ್ಚಿನವು ಕುಣಿಕೆಗೆ ಸಂಬಂಧಿಸಿದವು. ಅದನ್ನು ಗಿಡ್ಡ ಮಾಡಿದರೆ ಅಥವಾ ದಪ್ಪ ಕೊಳವೆ ಹಾಕಿದರೆ ಚಿಮ್ಮುವ ಬಲ ಹೆಚ್ಚುತ್ತದೆ, ಆದರೆ ಮೀನು ಹತ್ತಿರ ಬರುವವರೆಗೆ ಹಿಡಿದುಕೊಂಡಿರಲು ಮುಂಗೈ ಸೋಲುತ್ತದೆ. ಆದ್ದರಿಂದ ಹಿಡಿಯುವ ಜಾಗಕ್ಕೆ ಹುರಿ ಸುತ್ತಿಕೊಳ್ಳುವವರೂ ಇದ್ದಾರೆ. ಹೀಗೆ ರಬ್ಬರನ್ನು ಬಿಗಿದು ಸಿದ್ಧವಾಗುವ ಕ್ರಿಯೆಗೆ ಯಾವ ಕ್ರಿಯಾಪದ ಸೂಕ್ತ? ‘ಹೆದೆಯೇರಿಸು’ ಎಂದರೆ ಬಿಲ್ಲಿಗೆ ಹೆದೆಯನ್ನು ಕಟ್ಟುವುದೇ ಹೊರತು ಎಳೆಯುವುದಲ್ಲ. ‘ಹೂಡು’ ಬಾಣಕ್ಕೆ ಸಲ್ಲುತ್ತದೆ. ‘ಸೆಳೆ’ ಹತ್ತಿರವಾದರೂ, ಇಲ್ಲಿ ಕೈ ಹಿಂದಕ್ಕೆ ಬರದೆ ಮುಂದಕ್ಕೆ ಹೋಗುತ್ತದೆ. ಕರಾವಳಿಯ ಅಥವಾ ಮಲೆನಾಡಿನ ಬಳಕೆಯಲ್ಲಿ, ಚಾಟಿಬಿಲ್ಲಿನ ರಬ್ಬರ್ ಎಳೆಯುವುದಕ್ಕಾದರೂ ಸರಿ, ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.