ಕ್ರಾಸ್ ಜಿಸಿಸಿ ಬಿಲ್ಡ್ ಲಿಬ್‌ಜಿಸಿಸಿ ಹತ್ರ ನಿಲ್ಲಾಕತ್ತೈತಿ, ಯಾರಾದ್ರೂ ದಾಟೀರೇನು?

ಹುಬ್ಬಳ್ಳಿ, ವಿದ್ಯಾನಗರ: ಪ್ರಾಜೆಕ್ಟಿಗೆ ಅಂತ ನನ್ನ ಎಕ್ಸ್86 ಲ್ಯಾಪ್‌ಟಾಪಿನ್ಯಾಗ ಆರ್ಮ್ ಬೋರ್ಡಿನ ಕ್ರಾಸ್ ಜಿಸಿಸಿ (ಇಲ್ಲಿ ಓಡಿ, ಬ್ಯಾರೆ ಜಾತಿ ಚಿಪ್ಪಿಗೆ ಕೋಡ್ ಮಾಡೋ ಕಂಪೈಲರ್) ಬಿಲ್ಡ್ ಮಾಡಾಕತ್ತೀನ್ರಿ. ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರೋ ಕಟ್ಟು) ಸುಸೂತ್ರ ಆತು. ಜಿಸಿಸಿ ಭಾಳ ಹೊತ್ತು ಓಡಿ, ಅದರ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿ ಹತ್ರ 'ಕೆನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್' ಅಂತ ನಿಲ್ಲತೈತಿ. ಎಲ್ಲಿಂದ ಹುಡುಕಲಿ?

ಧಾರವಾಡ, ಸಪ್ತಾಪುರ: ತಮ್ಮಾ, ಆ ಸಾಲನ್ನ ಎಷ್ಟು ಓದಿದ್ರೂ ಕಾರಣ ತಿಳಿಯಂಗಿಲ್ಲ. ಈಗಷ್ಟ ತಯಾರಾದ ಕಂಪೈಲರಿಗೆ ಒಂದು ಸಣ್ಣ ಸಿ ಫೈಲೂ ಕಂಪೈಲ್ ಮಾಡಾಕ ಆಗಲಿಲ್ಲ ಅಂತಷ್ಟ ಅದು ಹೇಳತೈತಿ. ಯಾಕ ಆಗಲಿಲ್ಲ ಅನ್ನೋದು ಬಿಲ್ಡ್ ಫೋಲ್ಡರಿನ್ಯಾಗ ಟಾರ್ಗೆಟ್ ಹೆಸರಿನ ಫೋಲ್ಡರ್ ಇರತೈತಲ್ಲ, ಅದರ ಒಳಗಿನ ಲಿಬ್‌ಜಿಸಿಸಿಯ ಕಾನ್ಫಿಗ್.ಲಾಗ್‌ನ್ಯಾಗ (ಬಿಲ್ಡಿಗೆ ಮೊದಲು ನಡಿಯೋ ಕಾನ್ಫಿಗರ್ ತಪಾಸಣೆಯ ದಾಖಲೆ) ಸಿಗತೈತಿ. ಎಲ್ಲಾರೂ ಹೊರಗಿನ ಕಾನ್ಫಿಗ್.ಲಾಗ್ ತಗದು ಕೂಡ್ತಾರ, ಅದು ಬ್ಯಾರೆ.

ಅಲ್ಲಿ ಹೆಚ್ಚಾಗಿ ಎರಡರೊಳಗ ಒಂದು ಕಾಣತೈತಿ. ಲಿಬ್‌ಎಂಪಿಸಿ ಲೋಡ್ ಆಗಲಿಲ್ಲ ಅಂತಿದ್ರ, ಜಿಸಿಸಿಗೆ ಬೇಕಾದ ಗಣಿತದ ಲೈಬ್ರರಿ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರನ್ನೂ ಬ್ಯಾರೆ ಕಡೆ ಇನ್‌ಸ್ಟಾಲ್ ಮಾಡಿರ್ತಿ, ಸಿಸಿ1 (ಜಿಸಿಸಿ ಒಳಗಿನ ಅಸಲಿ ಸಿ ಕಂಪೈಲರ್) ಓಡೋ ಹೊತ್ತಿಗೆ ಅವು ಸಿಗೂದಿಲ್ಲ. ಜಿಸಿಸಿ ಸೋರ್ಸಿನ ಕಾಂಟ್ರಿಬ್ ಫೋಲ್ಡರಿನ್ಯಾಗ ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್ ಅನ್ನೋ ಸ್ಕ್ರಿಪ್ಟ್ ಐತಿ. ಸೋರ್ಸ್ ಫೋಲ್ಡರಿನ್ಯಾಗ ನಿಂತು ಅದನ್ನ ಓಡಿಸಿದ್ರ, ಮೂರೂ ಜಿಸಿಸಿ ಜತಿನ ಬಿಲ್ಡ್ ಆಗ್ತಾವು.

ಅಸೆಂಬ್ಲರ್ ತಕರಾರು ತಗದಿದ್ರ, ಆರ್ಮ್ ಅಸೆಂಬ್ಲಿ ನಿನ್ನ ಲ್ಯಾಪ್‌ಟಾಪಿನ ಅಸೆಂಬ್ಲರಿಗೆ ಹೋಗೈತಿ. ಬಿನ್‌ಯುಟಿಲ್ಸಿಗೆ ಕೊಟ್ಟ ಪ್ರಿಫಿಕ್ಸ್ (ಇನ್‌ಸ್ಟಾಲ್ ಮಾಡೋ ಫೋಲ್ಡರ್), ಟಾರ್ಗೆಟ್ ಹೆಸರು ಒಂದಕ್ಷರ ಹೆಚ್ಚುಕಡಿಮಿ ಆಗದಂಗ ಜಿಸಿಸಿಗೂ ಕೊಡು. ಆ ಪ್ರಿಫಿಕ್ಸ್ ಒಳಗಿನ ಬಿನ್ ಫೋಲ್ಡರ್ ಪಾಥ್‌ನ್ಯಾಗ (ಪ್ರೋಗ್ರಾಂ ಹುಡುಕೋ ಫೋಲ್ಡರುಗಳ ಪಟ್ಟಿ) ಮೊದಲು ಬರಲಿ. ಆಮ್ಯಾಲೆ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ ಶುರು ಮಾಡು. ಹಳೇ ಕಾನ್ಫಿಗರ್ ಇಟ್ಕೊಂಡು ಮುಂದುವರಿದ್ರ ಹಳೇ ಉತ್ತರಾನ ಬರತೈತಿ.

ಗದಗ, ಬೆಟಗೇರಿ: ಕರೆಂಟ್ ಹೋಗಿ, ಬ್ಯಾಟರಿನೂ ಮುಗಿದು ಲ್ಯಾಪ್‌ಟಾಪ್ ಬಂದಾಗಿತ್ತೇನು ಅಂತನೂ ನೋಡಪಾ. ಕಂಟ್ರೋಲ್-ಸಿ ಒತ್ತಿದ್ರ ಮೇಕ್ (ಬಿಲ್ಡ್ ನಡಸೋ ಪ್ರೋಗ್ರಾಂ) ಅರೆಬರೆ ಫೈಲ್ ತಾನ ಅಳಸತೈತಿ. ಕರೆಂಟ್ ಹೋದ್ರ ಅದಕ್ಕ ಆ ಅವಕಾಶಾನ ಇಲ್ಲ. ಖಾಲಿ ಆಬ್ಜೆಕ್ಟ್ ಫೈಲ್ ಉಳಿದು, ಮೇಕ್ ಅದನ್ನ ಮುಗಿದ ಕೆಲಸ ಅಂತ ತಿಳಿತೈತಿ. ಮುಂದ ಲಿಂಕ್ ಮಾಡುವಾಗ 'ಫೈಲ್ ಟ್ರಂಕೇಟೆಡ್'. ಸೊನ್ನೆ ಸೈಜಿನ ಫೈಲ್ ಹುಡುಕಿ ಅಳಿಸಿದ್ರ ಆತು. ಬರೇ 'ಕಿಲ್ಡ್' ಅಂತ ಬಂದ್ರ ಡಿಮೆಸೇಜ್ (ಕರ್ನಲ್ ಸಂದೇಶ ತೋರಸೋ ಕಮಾಂಡ್) ನೋಡು, ರ‍್ಯಾಮ್ ಸಾಲದ್ದಕ್ಕ ಕರ್ನಲ್ ಸಿಸಿ1ಪ್ಲಸ್‌ಪ್ಲಸ್ (ಸಿ++ ಕಂಪೈಲರ್) ಕೊಂದಿರತೈತಿ. ಮೇಕಿಗೆ ಕೊಟ್ಟ ಜೆ ಸಂಖ್ಯೆ (ಒಮ್ಮೆಲೆ ನಡಿಯೋ ಕೆಲಸದ ಲೆಕ್ಕ) ಇಳಸು.

ರಾಣೆಬೆನ್ನೂರು: ಯಾವ ವರ್ಷನ್ ಬಿಲ್ಡ್ ಮಾಡಾಕತ್ತೀರಿ ಅಂತ ಬರೀರಿ. ಬೋರ್ಡಿನವರು ಹಳೇ ಜಿಸಿಸಿ 5 ಕೇಳಿದ್ರ, 2021ರ ಜಿಸಿಸಿ 11ರಿಂದ ಈಚಿನ ಕಂಪೈಲರ್ ಅದನ್ನ ಸಿ++17 ಅಂತ ಓದಿ, ರಿಲೋಡ್1.ಸಿ ಫೈಲಿನ್ಯಾಗ ಬೂಲ್ (ಹೌದು/ಅಲ್ಲ ಬೆಲೆಯ ವೇರಿಯಬಲ್) ಮ್ಯಾಲಿನ ++ ಒಪ್ಪಂಗಿಲ್ರಿ. ಸಿಎಕ್ಸ್ಎಕ್ಸ್‌ಫ್ಲಾಗ್ಸಿಗೆ (ಸಿ++ ಕಂಪೈಲರಿಗೆ ಹೋಗೋ ಆಯ್ಕೆಗಳು) ಗ್ನು++14 ಸ್ಟ್ಯಾಂಡರ್ಡ್ ಕೊಟ್ರ ದಾಟತೈತಿ.

ವಿದ್ಯಾನಗರ: ಎಲ್ಲಾರಿಗೂ ಶರಣ್ರಿ. ವರ್ಷನ್ 13 ಐತ್ರಿ. ಲಿಬ್‌ಎಂಪಿಸಿನ ಸಿಗೂದಿಲ್ಲ. ಅಣ್ಣಾರ, ಎಲ್‌ಡಿ_ಲೈಬ್ರರಿ_ಪಾಥ್‌ಗೆ (ಲೈಬ್ರರಿ ಹುಡುಕೋ ಫೋಲ್ಡರುಗಳ ಪಟ್ಟಿ) ಅದು ಇರೋ ಫೋಲ್ಡರ್ ಸೇರಿಸಿದ್ರ ನಡಿತೈತೇನ್ರಿ?

ಸಪ್ತಾಪುರ: ಇವತ್ತು ನಡಿತೈತಿ, ಮುಂದ ಜಿಲಿಬ್‌ಸಿ (ಬೋರ್ಡಿನ ಸಿ ಲೈಬ್ರರಿ) ಬಿಲ್ಡ್ ಹತ್ರ ಸಿಗಬೀಳ್ತಿ. ಆ ವೇರಿಯಬಲಿನ ಕಡೀಕ ಒಂದು ಕೋಲನ್ ಉಳಿದ್ರೂ ಈಗಿನ ಫೋಲ್ಡರ್ ಸೇರಿದಂಗ ಲೆಕ್ಕ, ಜಿಲಿಬ್‌ಸಿ ಕಾನ್ಫಿಗರ್ ಅಲ್ಲೇ ನಿಂತುಬಿಡತೈತಿ. ಅದನ್ನ ಅನ್‌ಸೆಟ್ ಮಾಡಿ ಡೌನ್‌ಲೋಡ್_ಪ್ರಿರಿಕ್ವಿಸಿಟ್ಸ್ ಸ್ಕ್ರಿಪ್ಟ್ ಓಡಿಸು. ಜಿಲಿಬ್‌ಸಿಗೆ ಹೋಗೋ ಮೊದಲು ಲಿನಕ್ಸ್ ಹೆಡರ್ಸ್ ಹಾಕೋದು ಮರಿಬ್ಯಾಡ.