ಶೆಲ್ಫ್‌ನ ಹಿಂದಿನ ಹಲಗೆ ಮೊಳೆ ಸಮೇತ ಕಿತ್ತು ಬರುತ್ತಿದೆ, ತೆಗೆದೇಬಿಡಲಾ?

ಓದುಹುಳ:
ನಾವೇ ಜೋಡಿಸಿಕೊಳ್ಳುವ ಶೆಲ್ಫ್ ತಂದು ಎರಡು ವರ್ಷ ಆಯಿತು. ಆರಡಿ ಎತ್ತರ, ಐದು ಅಂಕಣ, ಪೂರ್ತಿ ಪುಸ್ತಕ. ಉಳಿದದ್ದೆಲ್ಲ ಪಾರ್ಟಿಕಲ್ ಬೋರ್ಡ್, ಹಿಂದಕ್ಕೆ ಮಾತ್ರ 3 ಮಿ.ಮೀ. ಹಾರ್ಡ್‌ಬೋರ್ಡ್, ಅದೂ ಮಧ್ಯೆ ಮಡಚಿ ಬಂದದ್ದು. ಈಗ ಕೆಳಗಿನ ಎರಡು ಅಂಕಣದ ಹತ್ತಿರ ಅದು ಹೊಟ್ಟೆ ಬಿಟ್ಟಿದೆ. ಮೊಳೆಗಳು ಒಂದೊಂದಾಗಿ ಈಚೆ ಬರುತ್ತಿವೆ, ಸುತ್ತಿಗೆಯಲ್ಲಿ ಹೊಡೆದರೆ ಒಳಗೆ ಹೋಗುತ್ತವೆ, ವಾರ ಕಳೆಯುವಷ್ಟರಲ್ಲಿ ಮತ್ತೆ ತಲೆ ಎತ್ತುತ್ತವೆ. ಮೊನ್ನೆ ದಪ್ಪ ನಿಘಂಟು ಎಳೆದರೆ ಇಡೀ ಶೆಲ್ಫ್ ಎಡಕ್ಕೆ ವಾಲಿತು. ಹಿಂದಿನ ಹಲಗೆ ಸುಮ್ನೆ ಧೂಳಿಗೆ ಅಡ್ಡ ಅಂದುಕೊಂಡಿದ್ದೆ. ತೆಗೆದರೆ ಆಗಲ್ವಾ?

ಉಳಿಬಾಚಿ:
ಬೇಡ, ಖಂಡಿತ ಬೇಡ! ಶೆಲ್ಫ್ ನೆಟ್ಟಗೆ ನಿಂತಿರುವುದೇ ಅದರಿಂದ. ಬೆಂಕಿಪೊಟ್ಟಣದ ಹೊರಗಿನ ಕವಚ ತಗೊಂಡು ಮೂಲೆ ಒತ್ತಿ ನೋಡಿ, ಚಪ್ಪಟೆಯಾಗುತ್ತದೆ. ಒಂದು ಬಾಯಿಗೆ ರಟ್ಟು ಅಂಟಿಸಿ ಒತ್ತಿ, ಜಗ್ಗುವುದಿಲ್ಲ.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಅದರ ಅಂಚಿನಲ್ಲಿ ಸಣ್ಣ ಮೊಳೆಗೆ ಹಿಡಿತ ಕಮ್ಮಿ, ಒಮ್ಮೆ ಸಡಿಲಾದ ತೂತಿಗೆ ಅದೇ ಮೊಳೆ ಹೊಡೆದು ಪ್ರಯೋಜನ ಇಲ್ಲ.

ಪುಸ್ತಕ ಎಲ್ಲಾ ಇಳಿಸಿ, ಶೆಲ್ಫನ್ನು ಬೋರಲು ಮಲಗಿಸಿ, ಹಳೇ ಹಲಗೆ ಕೀಳಿ. ಆಮೇಲೆ ಟೇಪನ್ನು ಓರೆಯಾಗಿ ಮೂಲೆಯಿಂದ ಮೂಲೆಗೆ ಹಿಡಿಯಿರಿ, ಮತ್ತೆ ಇನ್ನೆರಡು ಮೂಲೆಗೆ. ಎರಡೂ ಅಳತೆ ಒಂದೇ ಬರಬೇಕು. ಯಾವುದು ಉದ್ದ ಬಂತೋ ಆ ಎರಡು ಮೂಲೆ ಹಿಡಿದು ಒಳಕ್ಕೆ ಒತ್ತಿ. ಇದು ಮಾಡದೆ ಸ್ಕ್ರೂ ಹಾಕಿದರೆ ಸೊಟ್ಟಗಿರುವ ಶೆಲ್ಫನ್ನೇ ಗಟ್ಟಿ ಮಾಡಿದ ಹಾಗಾಗುತ್ತದೆ, ನಾನು ಒಂದು ಸಲ ಹಾಗೆ ಮಾಡಿ ಪಾಡು ಪಟ್ಟಿದ್ದೇನೆ.

ಹಾರ್ಡ್‌ಬೋರ್ಡ್ ಬದಲು 6 ಮಿ.ಮೀ. ಪ್ಲೈವುಡ್, ಒಂದೇ ತುಂಡು. 25 ಮಿ.ಮೀ. ಸ್ಕ್ರೂ, ಸುಮಾರು 15 ಸೆಂ.ಮೀ.ಗೆ ಒಂದು, ಮೊದಲು 2 ಮಿ.ಮೀ. ಬಿಟ್‌ನಲ್ಲಿ ತೂತು. ಪಕ್ಕದ ಹಲಗೆಯ ದಪ್ಪದ ನಟ್ಟನಡುವೆ ಬರಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಕೈಯಲ್ಲೇ ತಿರುಗಿಸಿ. ಡ್ರಿಲ್‌ನಲ್ಲಿ ಜಾಸ್ತಿ ಬಿಗಿದರೆ ಒಳಗೆಲ್ಲ ಪುಡಿಯಾಗಿ ಸ್ಕ್ರೂ ಸುಮ್ನೆ ಸುತ್ತುತ್ತದೆ.

ಅರೆಬಡಗಿ:
ಪ್ಲೈವುಡ್ ಇಲ್ಲದಿದ್ದರೂ ನಡೆಯುತ್ತದೆ. ಅದೇ ಹಾರ್ಡ್‌ಬೋರ್ಡ್ ಹಾಕಿ, ಆದರೆ ಹಳೇ ತೂತು ಬಿಟ್ಟು ಅವುಗಳ ಮಧ್ಯೆ ಸಣ್ಣ ಸ್ಕ್ರೂ ಜೊತೆಗೆ ವಾಷರ್ ಹಾಕಿ. ವಾಷರ್ ಇಲ್ಲದೆ ಸ್ಕ್ರೂ ತಲೆ ಹಾರ್ಡ್‌ಬೋರ್ಡ್ ಒಳಗೇ ಇಳಿದುಹೋಗುತ್ತದೆ. ಮಡಚುವ ಗೆರೆಯ ಮೇಲೆ ಹಿಂದಿನಿಂದ ಒಂದು ರೀಪು ಕೂರಿಸಿ. ಬರೀ ಅಂಟು ನಂಬಬೇಡಿ. ನುಣುಪಾದ ಮೇಲ್ಪದರಕ್ಕೆ ಮರದ ಅಂಟು ಕಚ್ಚುವುದಿಲ್ಲ, ನಾನು ಅರ್ಧ ಡಬ್ಬ ಸುರಿದಿದ್ದೆ, ಸಿಪ್ಪೆ ಸುಲಿದ ಹಾಗೆ ಎದ್ದು ಬಂತು.

ಮಧ್ಯದ ಅಂಕಣದ ಹಲಗೆ ಅಲ್ಲಾಡದ್ದಾ, ಇಲ್ಲ ಗೂಟದ ಮೇಲೆ ಕೂತದ್ದಾ? ಅಲ್ಲಾಡದ್ದಾದರೆ ಅದಕ್ಕೂ ಹಿಂದಿನಿಂದ ಮೂರ್ನಾಲ್ಕು ಸ್ಕ್ರೂ ಹಾಕಿ. ಹೊಟ್ಟೆ ಬರುವುದು ಅಲ್ಲೇ.

ಓದುಹುಳ:
ಮಧ್ಯದ್ದು ಅಲ್ಲಾಡದ್ದೇ. ಈಗಷ್ಟೇ ಮೂಲೆಯಿಂದ ಮೂಲೆಗೆ ಅಳೆದೆ, ಎರಡು ಅಳತೆಗೂ 14 ಮಿ.ಮೀ. ವ್ಯತ್ಯಾಸ! ಇಷ್ಟು ದಿನ ನೆಲವೇ ಸಮ ಇಲ್ಲ ಅಂತ ಕಾಲಡಿ ರಟ್ಟು ಮಡಚಿ ಇಡುತ್ತಿದ್ದೆ. ಹಿಂದೆ ಗಟ್ಟಿ ಆದಮೇಲೆ ಗೋಡೆಗೆ ಕಟ್ಟಬೇಕಿಲ್ಲ ಅಲ್ವಾ?

ಉಳಿಬಾಚಿ:
ಅದು ಬೇರೆ, ಇದು ಬೇರೆ. ಹಿಂದಿನ ಹಲಗೆ ಪಕ್ಕಕ್ಕೆ ವಾಲುವುದನ್ನು ತಡೆಯುತ್ತದೆ, ಮುಂದಕ್ಕೆ ಬೀಳುವುದನ್ನಲ್ಲ. ಮಕ್ಕಳು ಹತ್ತಿದರೆ ಆರಡಿ ಶೆಲ್ಫ್ ಮೈಮೇಲೇ ಬರುತ್ತದೆ. ಮೇಲೆ ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ, ಪಟ್ಟಿಯ ಸ್ಕ್ರೂ ಮೇಲಿನ ದಪ್ಪ ಹಲಗೆಗೇ ಹೋಗಲಿ, ಹಿಂದಿನ ತೆಳು ಹಲಗೆಗಲ್ಲ. ದಪ್ಪ ಪುಸ್ತಕ ಕೆಳಗಿಡಿ, ನಿಘಂಟು ಮೊದಲು.