ನೈಟ್‌ರೇನ್: ಗುರುತಿಲ್ಲದ ಇಬ್ಬರ ಜೋಡಿ ಅಡೆಲ್ ಮುಂದ ನಿಂತಾಗ ಬಿದ್ದವರನ್ನ ಎಬ್ಬಿಸೂದು ಹೆಂಗ?

ಬನಶಂಕರಿ_ವೈಲ್ಡರ್ (ಬಾಗಲಕೋಟೆ)

ನಮಸ್ಕಾರ ಎಲ್ಲಾರಿಗೂ. ಎಲ್ಡನ್ ರಿಂಗ್ ನೈಟ್‌ರೇನ್, ಅಂದ್ರ ಮೂವರು ಕೂಡಿ ಆಟದಾಗಿನ ಎರಡು ದಿನ ತಿರಗಾಡಿ ಕೊನೇ ಬಾಸ್‌ನ ಹೊಡೆಯೂ ವಿಡಿಯೋ ಗೇಮ್, ಪಿಸಿ ಮ್ಯಾಲ, ರ‍್ಯಾಂಡಮ್ ಮ್ಯಾಚ್‌ಮೇಕಿಂಗ್. ಗ್ಲೇಡಿಯಸ್ ಅನ್ನೂ ಮೂರು ತಲಿ ನಾಯಿ ಬಗ್ಗಿ ತಕರಾರು ಇಲ್ಲ. ಅಡೆಲ್ ಅನ್ನೂ ಕೊನೇ ಬಾಸ್ ಹತ್ರ ಮಾತ್ರ ಲೆಕ್ಕ ತಪ್ಪತೈತಿ. ಲೆವೆಲ್ 12, 13 ಇರತೈತಿ, ರಕ್ತ ಏರಿಸೂ ಫ್ಲಾಸ್ಕ್ 5 ಇಲ್ಲಾ 6, ಮೊದಲ ಅರ್ಧ ಚಲೋ ಹೋಗತೈತಿ. ಒಬ್ಬ ಬಿದ್ದ ಅಂದ್ರ ಉಳಿದ ಇಬ್ಬರೂ ಒಮ್ಮೆಲೇ ಅವನ ಕಡೆ ಓಡತಾರ, ಇಬ್ಬರನ್ನೂ ಅಡೆಲ್ ಒಂದ ಬಾಯಿಗೆ ಹಾಕ್ಕೋತೈತಿ. ಇಲ್ಲಂದ್ರ ಇಬ್ಬರೂ ಬಾಸ್‌ಗ ಹೊಡಕೋತ ನಿಲ್ಲತಾರ, ಬಿದ್ದಾಂವ ತೆವಳಕೋತ ಇರತಾನ.

ಆಟದಾಗ ವಾಯ್ಸ್ ಇಲ್ಲ, ಬರದು ಹೇಳೂ ಚಾಟ್ ಇಲ್ಲ. ಬರೇ ಪಿಂಗ್, ಅಂದ್ರ ಗುಂಡಿ ಒತ್ತಿ ಗುರುತು ತೋರಿಸೂದು. ಹಂಗಿದ್ದಾಗ ಯಾರು ಎಬ್ಬಿಸಬೇಕು, ಯಾರು ಬಾಸ್ ಹಿಡೀಬೇಕು ಅನ್ನೂದು ಮಾತಿಲ್ಲದ ತೀರ್ಮಾನ ಆಗೂದು ಹೆಂಗ? ನಾನು ವೈಲ್ಡರ್ ಅನ್ನೂ ಪಾತ್ರ ಆಡೂದು. ಬ್ಯಾರೆ ಪಾತ್ರ ತಗೋಬೇಕಾ ಅನ್ನೂದೂ ಹೇಳ್ರಿ.

---

ಗೋಳಗುಮ್ಮಟ_ಐರನ್‌ಐ (ವಿಜಯಪುರ)

ತಮ್ಮಾ, ತೀರ್ಮಾನ ನೀವು ಮಾಡೂದಲ್ಲ, ಬಾಸ್ ಮಾಡತೈತಿ. ಅಡೆಲ್ ಯಾರ ಕಡೆ ಮಾರಿ ಮಾಡೈತೋ ಅಂವ ಹಿಡಿದಾಂವ. ಇನ್ನೊಬ್ಬ ಎಬ್ಬಿಸಾಂವ. ಇಷ್ಟ ಕಾಯ್ದೆ. ಬಾಸ್ ನಿಮ್ಮ ಕಡೆ ನೋಡಾಕತ್ತಿದ್ರ ಬಿದ್ದವನ ಕಡೆ ಒಂದು ಹೆಜ್ಜಿನೂ ಇಡಬ್ಯಾಡ್ರಿ, ಉಲ್ಟಾ ದಿಕ್ಕಿಗೆ ಎಳಕೊಂಡು ಹೋಗ್ರಿ. ನೀವು ಅವನ ಹತ್ರ ಓಡಿದ್ರ ಬಾಸ್‌ನೂ ಬೆನ್ನ ಹತ್ತಿ ಅಲ್ಲಿಗೇ ಬರತೈತಿ. ಎರಡನೇ ಹೆಣ ಬೀಳೂದು ಅಲ್ಲೇ. ಗುರುತಿಲ್ಲದಾಂವ ಮೊದಲ ಮಾತಾಡಿಕೊಂಡು ಆಡಂಗಿಲ್ಲ ಖರೆ, ನೀವು ಬಾಸ್‌ನ ದೂರ ಎಳದ್ರ ಮಾತ್ರ ಅವಗ ತಾನಾಗಿ ದಾರಿ ಕಾಣತೈತಿ.

ಈಗ ಎಬ್ಬಿಸೂ ಲೆಕ್ಕ. ಈ ಆಟದಾಗ ಬಿದ್ದವನನ್ನ ಹೊಡದು ಎಬ್ಬಿಸಬೇಕು, ಗುಂಡಿ ಒತ್ತಿ ಹಿಡಿಯೂದು ಇಲ್ಲ. ತಲಿ ಮ್ಯಾಲ ನೇರಳೆ ಬಣ್ಣದ ವೃತ್ತ ಬರತೈತಿ. ಮೊದಲ ಸಲ ಬಿದ್ರ ಒಂದು ತುಂಡು, ಎರಡನೇ ಸಲ ಎರಡು, ಮೂರನೇ ಸಲ ಮೂರು. ಒಂದು ತುಂಡು ನಾಲ್ಕಾರು ಹೊಡತಕ್ಕ ಮುಗೀತೈತಿ, ಮೂರು ತುಂಡು ಕೈಲೆ ಹೊಡಕೋತ ಕುಂತ್ರ ಬಾಸ್ ಬಂದು ನಿಮ್ಮನ್ನೂ ಮಲಗಿಸತೈತಿ. ಹೊಡೆಯೂದು ಮಧ್ಯಾಗ ನಿಲ್ಲಿಸಿದ್ರ ಇಳಿದದ್ದು ಮತ್ತ ತುಂಬತೈತಿ. ಅದಕ್ಕ ಅರ್ಧಕ್ಕ ಬಿಡೂದಾದ್ರ ಶುರುನ ಮಾಡಬ್ಯಾಡ್ರಿ.

ಭಾಳ ಮಂದಿ ಮಾಡೂ ತಪ್ಪು ಒಂದೈತಿ: ಲಾಕ್-ಆನ್, ಅಂದ್ರ ಗುರಿ ಕಟ್ಟಿ ಹಾಕೂದು, ಬಾಸ್ ಮ್ಯಾಲ ಹಂಗೇ ಇಟ್ಟಗೊಂಡು ಬಿದ್ದವಗ ಹೊಡೀತಾರ. ಕತ್ತಿ ಬಾಸ್ ಕಡೆ ತಿರಗತೈತಿ, ನಾಲ್ಕರಾಗ ಮೂರು ಹೊಡತ ಗಾಳಿಗೆ. ಮೊದಲ ಲಾಕ್ ಬಿಡ್ರಿ, ಮೈಮ್ಯಾಲೇ ನಿಂತು ಕೆಳಗ ಹೊಡೀರಿ. ಸ್ಟ್ಯಾಮಿನಾ ಪೂರ್ತಿ ಖಾಲಿ ಮಾಡಬ್ಯಾಡ್ರಿ. ಒಂದು ಉರುಳಿಗೆ ಆಗೂವಷ್ಟು ಉಳಿಸಿಕೊಳ್ರಿ.

ಹೊತ್ತು ನೋಡೂದು ಮುಖ್ಯ. ಅಡೆಲ್ ಉದ್ದನೇ ದಾಳಿ ಶುರು ಮಾಡಿ ಬ್ಯಾರೆಯವನ ಬೆನ್ನ ಹತ್ತಿದಾಗ ಹೋಗ್ರಿ. ಸಣ್ಣ ಕಚ್ಚು ಮುಗಿಸಿ ಸುಮ್ಮನ ನಿಂತದ್ದನ್ನ ನೋಡಿ ಹೋಗಬ್ಯಾಡ್ರಿ. ನಿಂತಿರೂ ಬಾಸ್ ಯಾವ ಕಡೆ ತಿರಗತೈತಿ ಹೇಳಾಕ ಬರಂಗಿಲ್ಲ.

ಬಿದ್ದಾಂವಗೂ ಕೆಲಸ ಐತಿ. ತೆವಳಾಕ ಬರತೈತಿ ಅಲ್ಲ, ಬಾಸ್‌ನಿಂದ ದೂರ, ಗೆಳ್ಯಾನ ಕಡೆ ತೆವಳಬೇಕು. ಅಲ್ಲೇ ಬಾಯಿ ಕೆಳಗ ಒದ್ದಾಡಕೋತ ಪಿಂಗ್ ಮ್ಯಾಲ ಪಿಂಗ್ ಒತ್ತೂದರಿಂದ ಯಾರೂ ಲಗೂನ ಬರಂಗಿಲ್ಲ. ಗೋಳಗುಮ್ಮಟದಾಗ ಎಲ್ಲಾರೂ ಒಮ್ಮೆಲೇ ಚೀರಿದಂಗ ಆಗತೈತಿ ಅದು.

---

ಕುಂದಾ_ರೇಡರ್ (ಬೆಳಗಾವಿ)

ಮ್ಯಾಲ ಅಣ್ಣಾರು ಹೇಳಿದ್ದು ಸರಿ ಐತಿ, ಒಂದಕ್ಕ ಮಾತ್ರ ನಂದು ತಕರಾರು. ನೈಟ್‌ಲಾರ್ಡ್, ಅಂದ್ರ ಕೊನೇ ಬಾಸ್ ಹತ್ರ ಎಲ್ಲಾ ಸಲ ಎಬ್ಬಿಸಲೇಬೇಕು ಅಂತಿಲ್ಲ. ಹಗಲಿನಾಗ ತಿರಗಾಡುವಾಗ ಬಿದ್ದು ಯಾರೂ ಎಬ್ಬಿಸಲಿಲ್ಲ ಅಂದ್ರ ಒಂದು ಲೆವೆಲ್ ಹೋಗತೈತಿ, ಲೆವೆಲ್ ಏರಿಸಾಕ ಬೇಕಾದ ರೂನ್ ಬೀಳತಾವ, ಅಲ್ಲಿ ಅವಸರ ಬೇಕು. ಕೊನೇ ಬಾಸ್ ಹತ್ರ ಒಬ್ಬ ನಿಂತಿರೂತನಕ ಆಟ ಮುಗಿಯಂಗಿಲ್ಲ. ಮೂರು ತುಂಡಿನವ ಬಿದ್ದು, ಬಾಸ್ ರಕ್ತ ಕಡ್ಡಿಯಷ್ಟ ಉಳದಿದ್ರ ಇಬ್ಬರೂ ಬಾಸ್‌ಗೇ ಹೊಡೀರಿ. ಬಿದ್ದಾಂವಗ ಸಿಟ್ಟು ಬರಬೇಕಾಗಿಲ್ಲ, ಗೆದ್ರ ಮೂವರೂ ಗೆದ್ದಂಗ.

ಮೂರು ತುಂಡಿಗೆ ಅಲ್ಟಿಮೇಟ್, ಅಂದ್ರ ಮೀಟರ್ ತುಂಬಿದ ಮ್ಯಾಲ ಸಿಗೂ ಪಾತ್ರದ ದೊಡ್ಡ ದಾಳಿ, ಇಟ್ಟಗೊಳ್ರಿ. ವೈಲ್ಡರ್ ಅಲ್ಟಿಮೇಟ್ ಬಿದ್ದವನ ಮ್ಯಾಲೇ ಹಾರಿಸಿದ್ರ ದೊಡ್ಡ ಪಾಲು ಒಮ್ಮೆಲೇ ಇಳೀತೈತಿ. ಬಾಸ್‌ನೂ ಅದೇ ಸಾಲಿನಾಗ ಸಿಕ್ರ ಎರಡೂ ಕೆಲಸ ಆದವು. ನೀವು ವೈಲ್ಡರ್ ಬಿಡೂದು ಬ್ಯಾಡ. ಅವಗ ಸಾಯೂ ಹೊಡತ ಒಂದು ಸಲ ತಪ್ಪಿಸೂ ಗುಣ ಐತಿ, ರ‍್ಯಾಂಡಮ್ ಮಂದಿ ನಡುವ ಅದು ಬಂಗಾರ. ಆದ್ರ ಮೀಟರ್ ತುಂಬಿದ ಕೂಡಲೇ ಬಾಸ್ ಮ್ಯಾಲ ಸುರುವೂ ಚಟ ಬಿಡಬೇಕು. ಯಾರರೆ ಎರಡು ಸಲ ಬಿದ್ದಾರ ಅಂದ್ರ ಆಮ್ಯಾಲಿಂದ ಅಲ್ಟಿಮೇಟ್ ಅವರ ಹೆಸರಿನಾಗ ಠೇವಣಿ.

ಉಳಿದ ಪಾತ್ರದವರು ಜೋಡಿಗೆ ಬಂದ್ರ ಏನು ನಿರೀಕ್ಷೆ ಮಾಡಬೇಕು ಅಂದ್ರ: ಐರನ್‌ಐ ಇದ್ರ ಎಬ್ಬಿಸೂ ಕೆಲಸ ಅವನದೇ, ಬಾಣ ದೂರದಿಂದ ತಾಗತಾವ, ನೀವು ಬಾಸ್‌ನ ಎಳಕೊಂಡು ಹೋಗ್ರಿ ಸಾಕು. ಗಾರ್ಡಿಯನ್‌ನ ಅಲ್ಟಿಮೇಟ್ ಅಂದ್ರ ಮ್ಯಾಲ ಹಾರಿ ಕೆಳಗ ಬಂದು ಬೀಳೂದು, ಅದು ಸುತ್ತ ಬಿದ್ದವರನ್ನ ಎಬ್ಬಿಸತೈತಿ. ಅದಕ್ಕ ಇಬ್ಬರು ಬಿದ್ದಿದ್ರ ಇಬ್ಬರೂ ಒಂದ ಕಡೆ ತೆವಳಿ ಕೂಡ್ರಿ. ರೆವೆನಂಟ್ ಅಲ್ಟಿಮೇಟ್ ಬಿದ್ದವರನ್ನ ಎಬ್ಬಿಸಿ ಸ್ವಲ್ಪ ಹೊತ್ತು ಸಾಯದಂಗ ಮಾಡತೈತಿ, ಹಂಗಾಗಿ ರೆವೆನಂಟ್‌ನ ಎಲ್ಲಾರಿಗಿಂತ ಮೊದಲ ಎಬ್ಬಿಸಬೇಕು. ಅವಳ ಕರದ ಅಸ್ಥಿಪಂಜರ ಬಾಸ್ ಕಣ್ಣು ಸೆಳಕೊಂಡು ನಿಂತಾಗ ನಿಮಗ ಹೊತ್ತು ಸಿಗತೈತಿ. ಡಚೆಸ್ ಅಲ್ಟಿಮೇಟ್ ಮೂವರನ್ನೂ ಬಾಸ್ ಕಣ್ಣಿನಿಂದ ಮರೆ ಮಾಡತೈತಿ. ಆ ಹೊತ್ತಿನಾಗ ಬಾಸ್‌ಗ ಹೊಡೆಯಾಕ ಹೋಗಬ್ಯಾಡ್ರಿ, ಎಬ್ಬಿಸ್ರಿ, ಫ್ಲಾಸ್ಕ್ ಕುಡೀರಿ.

ಇಬ್ಬರೂ ಬಿದ್ದು ನೀವ ಒಬ್ಬರ ಉಳದ್ರ, ಕಡಿಮಿ ತುಂಡು ಇದ್ದವನ ಕಡೆ ಮೊದಲ. ಅದಕ್ಕೂ ಮುಂಚೆ ಓಡ್ರಿ. ಮೈದಾನದ ಇನ್ನೊಂದು ತುದಿಗೆ ಎಳಕೊಂಡು ಹೋಗಿ, ಬಾಸ್ ಜಿಗಿದು ಬಂದಾಗ ಪಕ್ಕಕ್ಕ ತಪ್ಪಿಸಿಕೊಂಡು ವಾಪಸ್ ಓಡಿ ಬಂದ್ರ ನಾಲ್ಕೈದು ಸೆಕೆಂಡ್ ಸಿಗತೈತಿ. ಒಂದು ತುಂಡಿಗೆ ಅಷ್ಟ ಸಾಕು.

---

ಬನಶಂಕರಿ_ವೈಲ್ಡರ್ (ಬಾಗಲಕೋಟೆ)

ಲಾಕ್-ಆನ್ ವಿಚಾರ ತಲಿಗೇ ಹೊಳೆದಿರಲಿಲ್ರಿ. ಇನ್ನೊಂದು: ಅಡೆಲ್‌ಗ ವಿಷ ತಾಗತೈತಿ ಅಂತ ಆಟನ ತೋರಿಸತೈತಿ. ಮೂವರೂ ವಿಷದ ಆಯುಧ ಹುಡುಕಬೇಕಾ? ಎರಡು ದಿನದಾಗ ಸಿಗದ ಇದ್ರ?

---

ಇಂಡಿ_ಲಿಂಬಿಕಾಯಿ (ವಿಜಯಪುರ)

ಮೂವರಿಗೂ ಬ್ಯಾಡ್ರಿ. ಒಬ್ಬರ ಕೈಯಾಗ ಇದ್ರ ಸಾಕು, ಅದೂ ಲಗೂ ಲಗೂ ಹೊಡೆಯೂ ಸಣ್ಣ ಆಯುಧ ಇದ್ರ ಚಲೋ. ಕಾರಣ ಹೇಳತೀನಿ. ವಿಷ ಹೊಡತಕ್ಕ ಇಷ್ಟು ಅಂತ ಬಾಸ್ ಮೈಯಾಗ ಕೂಡಿಕೋತ ಹೋಗತೈತಿ, ಮೂವರ ಹೊಡತನೂ ಒಂದ ಲೆಕ್ಕಕ್ಕ ಸೇರತೈತಿ. ವಿಷ ಏರಿದ ಮ್ಯಾಲ ಅದು ಇಳಿಯೂತನಕ ಹೊಸದು ಕೂಡಂಗಿಲ್ಲ. ಅಂದ್ರ ಏರಿದ ಮ್ಯಾಲನೂ ವಿಷದ ಆಯುಧದಲೆ ಹೊಡಕೋತ ನಿಂತ್ರ ಅದರ ಮುಖ್ಯ ಉಪಯೋಗ ದಂಡ. ಆವಾಗ ಒಳ್ಳೇ ಆಯುಧಕ್ಕ ಬದಲಾಸ್ರಿ, ಇಳಿದ ಮ್ಯಾಲ ಮತ್ತ ವಿಷ. ಒಂದೊಂದು ಸಲ ಏರಿದ ಹಂಗ ಬಾಸ್ ತಡಕೊಳ್ಳೂ ಶಕ್ತಿ ಹೆಚ್ಚಾಗತೈತಿ, ಎರಡನೇದು, ಮೂರನೇದು ತಡ ಆಗೂದು ಅದಕ್ಕ.

ಅಡೆಲ್‌ಗ ವಿಷ ಏರಿದ್ರ ಬರೇ ರಕ್ತ ಇಳಿಯೂದಲ್ಲ, ವಾಂತಿ ಮಾಡಿಕೋತ ತತ್ತರಿಸಿ ನಿಲ್ಲತೈತಿ. ಬಿದ್ದವನನ್ನ ಎಬ್ಬಿಸಾಕ ಇದಕ್ಕಿಂತ ಒಳ್ಳೇ ಹೊತ್ತಿಲ್ಲ. ಎಲ್ಲಾರೂ ಅವಾಗ ಹೊಡತದ ಆಸೆಗೆ ಬೀಳತಾರ, ತಪ್ಪು ಅದ. ಒಬ್ಬ ಬಿದ್ದಿದ್ರ ಮೊದಲ ಎಬ್ಬಿಸಿ, ಮೂವರೂ ಕೂಡಿ ಹೊಡೀರಿ.

ವಿಷದ ಆಯುಧ ಕೈಯಾಗ ಹಿಡಕೊಂಡು ತಿರಗಬೇಕಂತಿಲ್ಲ. ಬಲಗೈಗೆ ಮೂರು, ಎಡಗೈಗೆ ಮೂರು ಜಾಗ ಅದಾವ. ಒಂದರಾಗ ಇಟ್ಟಗೊಳ್ರಿ. ಆಯುಧದ ಸುಮ್ಮನ ಕೆಲಸ ಮಾಡೂ ಗುಣ ಜಾಗದಾಗ ಇದ್ರೂ ನಡೀತಾವ. ನಿಮಗ ಎರಡು ಸಿಕ್ರ ಒಂದು ನೆಲಕ್ಕ ಹಾಕಿ ಅದರ ಮ್ಯಾಲ ಪಿಂಗ್ ಮಾಡ್ರಿ, ಗುರುತಿಲ್ಲದಾಂವ ಬಂದು ತಗೋತಾನ. ಬಾಗಿ ತಲಿ ಅಲ್ಲಾಡಿಸಿ ಸಲಾಮ್ ಹೊಡೆದು ಹೋಗಾವ್ರೂ ಅದಾರ.

ಸಿಗದ ಇದ್ರೂ ಚಿಂತಿಲ್ಲ. ಕೊನೇ ಬಾಸ್ ಬಾಗಿಲದ ಮುಂದ ಒಬ್ಬ ವ್ಯಾಪಾರಿ ಇರತಾನ, ಲೆವೆಲ್ ಏರಿಸೂ ಜಾಗ, ಅಂದ್ರ ಗ್ರೇಸ್‌ನೂ ಇರತೈತಿ. ಕೈಯಾಗಿನ ರೂನ್ ಎಲ್ಲಾ ಅಲ್ಲೇ ಖಾಲಿ ಮಾಡಬೇಕು, ಬಾಗಿಲ ದಾಟಿದ ಮ್ಯಾಲ ಅವು ಉಪಯೋಗ ಇಲ್ಲ. ಮೊದಲ ಲೆವೆಲ್ ಏರಸ್ರಿ, ಉಳದದ್ದರಾಗ ಬೆಚ್ಚನೇ ಕಲ್ಲು, ಅಂದ್ರ ವಾರ್ಮಿಂಗ್ ಸ್ಟೋನ್ ಇದ್ರ ತಗೊಳ್ರಿ. ನೆಲಕ್ಕ ಇಟ್ರ ಸುತ್ತ ನಿಂತ ಎಲ್ಲಾರ ರಕ್ತ ಏರತೈತಿ. ಎಬ್ಬಿಸಿದ ಮನಷ್ಯಾ ಅರೆಜೀವ ಇರತಾನ, ಎದ್ದ ಕೂಡಲೇ ಇನ್ನೊಂದು ಹೊಡತಕ್ಕ ಬೀಳತಾನ. ಅವನ ಕಾಲ ಬುಡಕ್ಕ ಒಂದು ಕಲ್ಲು ಇಟ್ರ ಒಂದು ತುಂಡು ಉಳಿಸಿದಂಗ.

ಇನ್ನ ಫ್ಲಾಸ್ಕ್ ಐದಾರು ಅಂದ್ರಿ. ಶುರುವಿಗೆ 3 ಇರತಾವ, ಒಂದೊಂದು ಚರ್ಚ್‌ಗ ಒಂದು ಹೆಚ್ಚಾಗತೈತಿ. ಮೊದಲ ದಿನಾನ ನಕಾಶಿ ತಗದು ಚರ್ಚ್ ಮ್ಯಾಲ ಗುರುತು ಹಾಕ್ರಿ, ಗುರುತು ಮೂವರಿಗೂ ಕಾಣಸತೈತಿ. ಇಬ್ಬರು ಒಂದ ಕಡೆ ಹೊಂಟ್ರ ಮೂರನೇಯವ ನೀವ ಆದ್ರೂ ಅವರ ಹಿಂದ ಹೋಗ್ರಿ. ನಿಮ್ಮ ದಾರಿ ಚಲೋ ಇರಬಹುದು, ಖರೆ ಮೂವರೂ ಕೂಡಿ ಕೆಟ್ಟ ದಾರಿ ಹೋಗೂದು ಒಬ್ಬರ ಒಳ್ಳೇ ದಾರಿಗಿಂತ ಹೆಚ್ಚು ರೂನ್ ತರತೈತಿ.

---

ಗೋಳಗುಮ್ಮಟ_ಐರನ್‌ಐ (ವಿಜಯಪುರ)

ಕುಂದಾ ಅಣ್ಣಾರ ಮಾತಿಗೆ ಒಂದು ತಿದ್ದುಪಡಿ. ಕಡ್ಡಿಯಷ್ಟ ರಕ್ತ ಉಳದಾಗ ಎಬ್ಬಿಸಬ್ಯಾಡ್ರಿ ಅನ್ನೂದು ಒಪ್ಪತೀನಿ. ಅರ್ಧಕ್ಕಿಂತ ಹೆಚ್ಚು ಉಳದಾಗ ಇಬ್ಬರ ಆಡೂದು ಮಾತ್ರ ಸರಿ ಅಲ್ಲ. ಮಾರಿ ತಿರಗಿಸಾಕ ಒಬ್ಬ ಕಡಿಮಿ ಆದ ಅಂದ್ರ ಪ್ರತಿ ಎರಡನೇ ದಾಳಿ ನಿಮಗೇ ಬರತೈತಿ, ಫ್ಲಾಸ್ಕ್ ಕುಡಿಯಾಕೂ ಸಂದು ಸಿಗಂಗಿಲ್ಲ.

ಬಾಸ್‌ನ ಚಲನಿ ಕಲಿಯೂದಿದ್ರ ಒಬ್ಬರ ಆಡೂ ಸೋಲೋ ಮೋಡ್ ಐತಿ, 2025ರ ಜುಲೈ ಕೊನೆಗೆ ಬಂದ ಪ್ಯಾಚ್‌ನಾಗ ಇಬ್ಬರ ಮೋಡ್‌ನೂ ಬಂತು. ಗುರುತಿನವ ಒಬ್ಬ ಇದ್ರ ಪಾಸ್‌ವರ್ಡ್ ಇಟ್ಟು ಇಬ್ಬರ ಮೋಡ್‌ನಾಗ ಅಡೆಲ್ ಕಲೀರಿ. ಕ್ರಾಸ್‌ಪ್ಲೇ ಇಲ್ಲ, ಪಿಸಿಯವರು ಪಿಸಿಯವರ ಜೋಡಿನ ಆಡಬೇಕು. ಗೆಳ್ಯಾ ಪ್ಲೇಸ್ಟೇಷನ್ ತಗೊಂಡ್ರ ಕೂಡಾಕ ಬರಂಗಿಲ್ಲ.

---

ತೋರಗಲ್ಲ_ಪಿಂಗ್ (ಬೆಳಗಾವಿ ಜಿಲ್ಲಾ)

ಎಲ್ಲಾರೂ ಕತ್ತಿ, ಬಾಣ ಹೇಳಿದ್ರಿ. ಕರೆಂಟ್ ಯಾರು ಹೇಳಾವ್ರು? ಒಂದು ಆಟ 40 ರಿಂದ 45 ನಿಮಿಷ. ನಮ್ಮ ಕಡೆ ಬ್ಯಾಸಿಗಿ ಮಧ್ಯಾಹ್ನ ಅಷ್ಟೊತ್ತು ಕರೆಂಟ್ ಇರತೈತಿ ಅನ್ನೂ ಭರೋಸಾ ಇಲ್ಲ. ಲೈನ್ ಹೋಗಿ ನೀವು ಕಡದ್ರ ಉಳಿದಿಬ್ಬರು ಅಡೆಲ್ ಮುಂದ ಇಬ್ಬರ ನಿಲ್ಲತಾರ.

ರೂಟರ್‌ಗ ಸಣ್ಣ ಡಿಸಿ ಯುಪಿಎಸ್ ಸಿಗತೈತಿ. ತಗೊಳ್ಳೂ ಮೊದಲ ರೂಟರ್ ಅಡಾಪ್ಟರ್ ಮ್ಯಾಲ ಬರದದ್ದು ಓದ್ರಿ: ಭಾಳ ರೂಟರ್ 12 ವೋಲ್ಟ್, ಆಂಪಿಯರ್ ಮಾತ್ರ 1, 1.5, 2 ಹಿಂಗ ಬ್ಯಾರೆ ಬ್ಯಾರೆ. ವೋಲ್ಟ್ ಸರೀಗೆ ಕೂಡಬೇಕು, ಯುಪಿಎಸ್ ಕೊಡೂ ಆಂಪಿಯರ್ ರೂಟರ್ ಕೇಳೂದಕ್ಕಿಂತ ಕಡಿಮಿ ಇರಬಾರದು. ಫೈಬರ್ ವೈರ್ ಬಂದು ಕೂಡೂ ಓಎನ್‌ಟಿ ಡಬ್ಬಿ ಬ್ಯಾರೆ ಇದ್ರ ಅದಕ್ಕೂ ಕರೆಂಟ್ ಬೇಕು, ಬರೇ ವೈಫೈ ರೂಟರ್‌ಗ ಕೊಟ್ರ ದೀಪ ಹತ್ತಿರತೈತಿ, ನೆಟ್ ಇರಂಗಿಲ್ಲ. ಪಿಸಿಗೆ ಸಣ್ಣ 600 ವಿಎ ಯುಪಿಎಸ್ ಇದ್ರ ಗ್ರಾಫಿಕ್ಸ್ ಕಾರ್ಡ್ ಓಡುವಾಗ ಕೆಲವ ನಿಮಿಷ ಅಷ್ಟ, ಅದು ಆಟ ಮುಗಿಸಾಕ ಅಲ್ಲ. ಇನ್ವರ್ಟರ್ ಮ್ಯಾಲ ಹಾಕೂದಾದ್ರ ಬದಲಾಗೂ ಕ್ಷಣದಾಗ ಪಿಸಿ ರಿಸ್ಟಾರ್ಟ್ ಆಗದಂಗ ಯುಪಿಎಸ್ ಮೋಡ್‌ನಾಗ ಇಡ್ರಿ.

ಕಡದು ಹೋದ್ರ ಗಾಬರಿ ಆಗಬ್ಯಾಡ್ರಿ, ಆಟ ಮತ್ತ ಚಾಲು ಮಾಡಿದ್ರ ಅದೇ ತಂಡಕ್ಕ ವಾಪಸ್ ಹೋಗೂದೇನು ಅಂತ ಕೇಳತೈತಿ. ಹೌದು ಅನ್ರಿ. ಬೇಕಂತ ಬಿಟ್ಟು ಹೋಗೂದು ಪದೇ ಪದೇ ಮಾಡಿದ್ರ ಮ್ಯಾಚ್‌ಮೇಕಿಂಗ್‌ಗ ದಂಡ ಬೀಳತೈತಿ. ಸೋತ್ರೂ ಕೊನೀತನಕ ಇದ್ದವಗ ರೆಲಿಕ್, ಅಂದ್ರ ಮುಂದಿನ ಆಟದಾಗ ಪಾತ್ರಕ್ಕ ಬಲ ಕೊಡೂ ಕಲ್ಲು, ಸಿಗತಾವ, ಬಿಟ್ಟು ಓಡಿದಾಂವಗ ಇಲ್ಲ.

ವೈಫೈ ಮ್ಯಾಲ ಆಡೂದಾದ್ರ 5 ಗಿಗಾಹರ್ಟ್ಸ್ ಹೆಸರಿಗೆ ಕೂಡ್ರಿ, ರೂಟರ್ ಬ್ಯಾರೆ ಖೋಲ್ಯಾಗ ಇದ್ರ ಲ್ಯಾನ್ ವೈರ್ ಎಳೀರಿ. ಅಡೆಲ್ ಜಿಗಿದು ಜಿಗಿದು ಬ್ಯಾರೆ ಜಾಗದಾಗ ಕಾಣಸಾಕ ಹತ್ತಿದ್ರ ಎಬ್ಬಿಸೂ ಕೆಲಸ ಲೈನ್ ಚಲೋ ಇದ್ದವಗ ಬಿಡ್ರಿ, ನೀವು ದೂರ ನಿಂತು ಬಾಸ್ ಮಾರಿ ಎಳೀರಿ.

---

ಬನಶಂಕರಿ_ವೈಲ್ಡರ್ (ಬಾಗಲಕೋಟೆ)

ಓಎನ್‌ಟಿ ಮಾತು ಸರಿ ಐತ್ರಿ, ನಮ್ಮಲ್ಲಿ ಎರಡೂ ಡಬ್ಬಿ ಬ್ಯಾರೆ ಬ್ಯಾರೆ ಅದಾವ, ಎರಡೂ 12 ವೋಲ್ಟ್. ಎರಡು ಪಿನ್ ಇರೂ ಯುಪಿಎಸ್ ತಗೊಂಡ್ರ ಒಂದರಾಗ ನಡೀತೈತೇನ್ರಿ?

---

ತೋರಗಲ್ಲ_ಪಿಂಗ್ (ಬೆಳಗಾವಿ ಜಿಲ್ಲಾ)

ಎರಡರ ಆಂಪಿಯರ್ ಕೂಡಿಸಿ ನೋಡ್ರಿ. 1 ಮತ್ತ 1.5 ಇದ್ರ ಒಟ್ಟು 2.5. ಯುಪಿಎಸ್ ಡಬ್ಬಿ ಮ್ಯಾಲ ಬರದ ಆಂಪಿಯರ್ ಒಂದು ಪಿನ್ನಿಂದೋ, ಎರಡೂ ಕೂಡಿಯೋ ಅಂತ ಅಂಗಡ್ಯಾಗ ಕೇಳಿ ತಗೊಳ್ರಿ. ಪಿನ್ ದಪ್ಪಾನೂ ಅಳತಿ ನೋಡ್ರಿ, ಎಲ್ಲಾ ರೂಟರ್‌ಗೂ ಒಂದ ಸೈಜ್ ಇರಂಗಿಲ್ಲ.